‘ಒಳಗೆ ಹಾಕಿದರು’ ಎಂದರೆ ಎಲ್ಲಿಗೆ?

ಶಿವಮೊಗ್ಗ ಜಿಲ್ಲೆಯ ಸುದ್ದಿಪುಟಗಳಲ್ಲಿ ಆಗಾಗ ಕಾಣುವ ವಾಕ್ಯ ಇದು: ‘ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಗಿದ್ದು, 14 ದಿನಗಳ ನ್ಯಾಯಾಂಗ ಬಂಧನ ವಿಧಿಸಲಾಗಿದೆ.’ ಸಾಗರದ ಯಾವುದಾದರೂ ಹೋಟೆಲಿನಲ್ಲಿ ಎರಡನೇ ಕಾಫಿ ಬರುವ ಹೊತ್ತಿಗೆ ಅದು ‘ಹದಿನಾಲ್ಕು ದಿನ ಜೈಲು ಶಿಕ್ಷೆ ಆಯ್ತಂತೆ’ ಎಂದಾಗಿರುತ್ತದೆ. ಸಂಜೆ ಹೊಸನಗರದ ಬಸ್ಸಿನಲ್ಲಿ ಅದೇ ಸುದ್ದಿಗೆ ‘ಬರೀ ಹದಿನಾಲ್ಕು ದಿನವಾ? ದುಡ್ಡು ಕೆಲಸ ಮಾಡಿರ್ಬೇಕು ಮಾರಾಯ್ರೆ’ ಎಂಬ ತೀರ್ಪೂ ಸಿಕ್ಕಿರುತ್ತದೆ.

ತಪ್ಪು ಓದುಗರದ್ದಷ್ಟೇ ಅಲ್ಲ. ‘ವಿಧಿಸಲಾಗಿದೆ’ ಎಂಬ ಕ್ರಿಯಾಪದವೇ ದಾರಿ ತಪ್ಪಿಸುತ್ತದೆ. ದಂಡ ವಿಧಿಸುತ್ತಾರೆ, ಶಿಕ್ಷೆ ವಿಧಿಸುತ್ತಾರೆ. ನ್ಯಾಯಾಂಗ ಬಂಧನಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಇನ್ನೂ ಯಾವ ತಪ್ಪೂ ಸಾಬೀತಾಗಿಲ್ಲ. ಸೆರೆಗೆ ಸಂಬಂಧಿಸಿದ ಪದಗಳಿಗೆ ನಮ್ಮಲ್ಲಿ ಬರವೇನಿಲ್ಲ. ಸೆರೆ, ಬಂಧನ, ಕೈದು, ದಸ್ತಗಿರಿ, ವಶ, ಸಜೆ, ಕಾರಾಗೃಹವಾಸ, ಗೃಹಬಂಧನ, ಒತ್ತೆ, ಜೀತ ಎಂದು ಹೇಳುತ್ತ ಹೋಗಬಹುದು. ಬೇಡವೆಂದರೂ ‘ಕಂಬಿ ಎಣಿಸುವುದು’, ‘ಮುದ್ದೆ ಮುರಿಯುವುದು’, ‘ಮಾವನ ಮನೆ’, ‘ಕೃಷ್ಣ ಜನ್ಮಸ್ಥಾನ’ ಹಿಂದೆಯೇ ಬರುತ್ತವೆ. ಆದರೆ ಆಡುವಾಗ ಎಲ್ಲವನ್ನೂ ‘ಒಳಗೆ ಹಾಕಿದರು’ ಎಂಬಲ್ಲಿಗೆ ಮುಗಿಸಿಬಿಡುತ್ತೇವೆ. ಯಾರು ಹಾಕಿದರು, ಯಾವ ಕಾಗದದ ಬಲದ ಮೇಲೆ, ಎಲ್ಲಿಯವರೆಗೆ? ಈ ಪ್ರಶ್ನೆಗಳಿಗೆ ಒಂದೊಂದು ಪದದ ಉತ್ತರ ಒಂದೊಂದು ಥರ. ಗೋಡೆ ಎಷ್ಟು ಎತ್ತರ ಎನ್ನುವುದು ಆಮೇಲಿನ ಮಾತು.

ಪದಗಳ ಊರು ಕೇರಿಯನ್ನು ಒಮ್ಮೆ ನೋಡಿಬಿಡೋಣ. ‘ಸೆರೆ’ ನಮ್ಮದೇ, ತಮಿಳಿನ ‘ಸಿಱೈ’ಯ ಒಡಹುಟ್ಟು. ಈಗ ಅದು ಮನುಷ್ಯರಿಗಿಂತ ಹೆಚ್ಚಾಗಿ ಕಾಡುಪ್ರಾಣಿಗಳ ಪಾಲಿಗೆ ಹೋಗಿದೆ: ಬೋನಿಗೆ ಬಿದ್ದ ಚಿರತೆ ಸೆರೆ, ಸಕ್ರೆಬೈಲಿನ ಆನೆಗಳ ನೆರವಿನಿಂದ ಪುಂಡಾನೆ ಸೆರೆ. ‘ಕೈದು’ ಅರಬ್ಬಿಯಿಂದ ಬಂದದ್ದು. ಹಳಗನ್ನಡದಲ್ಲಿ ಇದೇ ಉಚ್ಚಾರದ ಪದಕ್ಕೆ ಆಯುಧ ಎಂಬ ಅರ್ಥವಿತ್ತು, ಹಾಗಾಗಿ ಕಾವ್ಯ ಓದುವ ಹೊಸ ವಿದ್ಯಾರ್ಥಿಗಳು ಯುದ್ಧಭೂಮಿಯಲ್ಲಿ ಜೈಲು ಹುಡುಕುವುದುಂಟು. ‘ದಸ್ತಗಿರಿ’ ಪಾರಸಿ, ದಸ್ತ್ ಎಂದರೆ ಕೈ, ಗಿರಿ ಎಂದರೆ ಹಿಡಿಯುವುದು. ಆ ಭಾಷೆಯಲ್ಲಿ ಕೈಹಿಡಿದು ಕಾಪಾಡುವವನೂ ದಸ್ತಗೀರನೇ, ನಮ್ಮೂರುಗಳ ದಸ್ತಗಿರ್ ಸಾಹೇಬರ ಹೆಸರು ಆ ಅರ್ಥದ್ದು. ಕನ್ನಡದ ಕಚೇರಿಗೆ ಬರುವಾಗ ಪದ ಪೊಲೀಸರ ಕೈಯನ್ನಷ್ಟೇ ಉಳಿಸಿಕೊಂಡಿತು. ಉತ್ತರ ಕರ್ನಾಟಕದವರ ‘ತುರಂಗ’ ಪೋರ್ಚುಗೀಸರಿಂದ ಮರಾಠಿಗೆ ಬಂದು ಅಲ್ಲಿಂದ ಇತ್ತ ಹೊರಳಿದ್ದು, ಸಂಸ್ಕೃತದ ಕುದುರೆಗೂ ಅದಕ್ಕೂ ನಂಟಿಲ್ಲ.

ಇನ್ನು ಕಾನೂನಿಗೆ ಬರೋಣ. ನಮ್ಮ ಮಲೆನಾಡಿನಲ್ಲಿ ಅತ್ಯಂತ ಸಾಮಾನ್ಯವಾದ ‘ಬಂಧನ’ದ ದೂರು ಶುರುವಾಗುವುದು ಜೈಲಿನಲ್ಲಲ್ಲ, ಅಡಿಕೆ ತೋಟದ ದಾರಿಯಲ್ಲಿ. ತೀರ್ಥಹಳ್ಳಿ ಕಡೆ ಅಣ್ಣತಮ್ಮಂದಿರು ಹಿಸೆಯಾಗಿದ್ದಾರೆ ಎಂದಿಟ್ಟುಕೊಳ್ಳಿ. ತಮ್ಮನ ತೋಟಕ್ಕೆ ಅಣ್ಣನ ಅಂಗಳದ ಪಕ್ಕದಿಂದಲೇ ದಾರಿ. ಒಂದು ಬೆಳಿಗ್ಗೆ ಅಣ್ಣ ಉಣುಗೋಲು ತೆಗೆಸಿ ಗೂಟ ಹುಗಿದು ಮುಳ್ಳುತಂತಿ ಎಳೆಸಿಬಿಟ್ಟ. ತಮ್ಮ ಠಾಣೆಗೆ ಹೋಗಿ ‘ನನ್ನನ್ನು ಕಟ್ಟಿಹಾಕಿದ್ದಾರೆ ಸ್ವಾಮಿ’ ಅನ್ನುತ್ತಾನೆ. ಅವನ ಮಟ್ಟಿಗೆ ನಿಜ. ಕಾನೂನಿನ ಮಟ್ಟಿಗೆ ಅವನನ್ನು ತಡೆಯಲಾಗಿದೆ, ಕಟ್ಟಿಹಾಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮು ಅಕ್ರಮವಾಗಿ ತಡೆಯುವುದರ ಬಗ್ಗೆ, 127ನೆಯದು ಅಕ್ರಮವಾಗಿ ಕೂಡಿಹಾಕುವುದರ ಬಗ್ಗೆ. ಹಳೆಯ ದಂಡ ಸಂಹಿತೆಯಲ್ಲಿ ಇವೇ 339 ಮತ್ತು 340 ಆಗಿದ್ದವು. ಹೋಗಲು ಹಕ್ಕಿರುವ ಒಂದು ದಿಕ್ಕಿಗೆ ಹೋಗಗೊಡದಿದ್ದರೆ ತಡೆ. ಸುತ್ತಲೂ ಒಂದು ಗೆರೆ ಹಾಕಿ ಅದರಾಚೆಗೆ ಯಾವ ದಿಕ್ಕಿಗೂ ಬಿಡದಿದ್ದರೆ ಕೂಡಿಹಾಕಿದಂತೆ. ಮೊದಲನೆಯದಕ್ಕೆ ಒಂದು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೆಯದಕ್ಕೆ ಒಂದು ವರ್ಷದವರೆಗೆ ಸಜೆ; ಮೂರು ದಿನ ಮುಟ್ಟಿದರೆ ಮೂರು ವರ್ಷಕ್ಕೆ, ಹತ್ತು ದಿನ ಮುಟ್ಟಿದರೆ ಐದು ವರ್ಷಕ್ಕೆ ಏರುತ್ತದೆ. ಠಾಣೆಯ ದೂರುಗಳಲ್ಲಿ ಎಲ್ಲೆಲ್ಲೂ ಕಾಣುವ ‘ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿ’ ಎಂಬ ಸಿದ್ಧಪಾಠದಲ್ಲಿ ‘ಅಡ್ಡಗಟ್ಟಿ’ ಎಂಬ ಒಂದು ಪದ ಕೂತಿರುವುದು ಈ ತಡೆಯ ಕಲಮನ್ನು ಒಳಗೆ ತರಲಿಕ್ಕೆ.

ಅಣ್ಣನಿಗೂ ಕಾನೂನು ಒಂದು ಬಾಗಿಲು ಬಿಟ್ಟಿದೆ. ಖಾಸಗಿ ದಾರಿಯೊಂದನ್ನು ಮುಚ್ಚುವ ಹಕ್ಕು ತನಗಿದೆ ಎಂದು ಪ್ರಾಮಾಣಿಕವಾಗಿ ನಂಬಿ ಮುಚ್ಚಿದವನು ಈ ಅಪರಾಧ ಮಾಡಿದಂತಾಗುವುದಿಲ್ಲ. ಪಹಣಿ, ನಕಾಶೆ, ಹಿಸೆ ಪತ್ರ ಹಿಡಿದುಕೊಂಡು ಇಬ್ಬರೂ ಸಿವಿಲ್ ಕೋರ್ಟಿಗೆ ಹೋಗಬೇಕು. ಆ ದಾವೆ ಮುಗಿಯುವುದರೊಳಗೆ ತೋಟದ ಅಡಿಕೆ ಎಷ್ಟು ಕೊಯ್ಲು ಕಂಡಿರುತ್ತದೋ.

ಒಂದು ದಿಕ್ಕು ಮುಚ್ಚಿದರೆ ಸೆರೆಯೇ ಎಂಬ ಪ್ರಶ್ನೆ ಲಂಡನ್ನಿನಲ್ಲೂ ಎದ್ದಿತ್ತು. ಹ್ಯಾಮರ್‌ಸ್ಮಿತ್ ಸೇತುವೆಯ ಒಂದು ಭಾಗವನ್ನು ದೋಣಿ ಪಂದ್ಯ ನೋಡುವವರ ಆಸನಗಳಿಗಾಗಿ ಮುಚ್ಚಿದ್ದರು. ಬರ್ಡ್ ಎಂಬಾತ ಬೇಲಿ ಹತ್ತಿ ಒಳನುಗ್ಗಿದ. ಮುಂದೆ ಬಿಡುವುದಿಲ್ಲ, ಬೇಕಾದರೆ ಹಿಂದೆ ಹೋಗು ಎಂದರು. ಹಿಂದಕ್ಕೆ ದಾರಿ ಇದ್ದ ಮೇಲೆ ಅದು ಸೆರೆಯಲ್ಲ ಎಂದು 1845ರಲ್ಲಿ ಬಹುಮತದ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಡೆನ್ಮನ್ ಮಾತ್ರ ಒಪ್ಪಲಿಲ್ಲ. ಸೇತುವೆ ಎಂದಾಗ ಸಾಗರದವರಿಗೆ ಶರಾವತಿ ಹಿನ್ನೀರು ನೆನಪಾಗದೆ ಇರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ ಸೀಮೆಯ ಜನ ಸಾಗರಕ್ಕೆ ಬರಲು ಲಾಂಚ್ ಕಾಯಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಸಂಜೆಯ ಕೊನೆಯ ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ನಿಂತವರು ನೀರಿಗೆ ಸಿಕ್ಕಿಬಿದ್ದವರೇ, ಆದರೆ ಯಾರ ಸೆರೆಯಾಳೂ ಅಲ್ಲ. ಯಾರೋ ಒಬ್ಬ, ನೀವು ಹೋಗಬಾರದು ಎಂದೇ ದೋಣಿ ಬಿಚ್ಚಿಕೊಂಡು ಹೋದರೆ ಮಾತು ಬೇರೆ. ಆಗ ಗೋಡೆ, ಬೀಗ, ಹಗ್ಗ ಯಾವುದೂ ಇಲ್ಲದೆಯೇ ಕೂಡಿಹಾಕಿದಂತಾಯಿತು.

ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಪದಗಳು ಇನ್ನೂ ಜಾರುತ್ತವೆ. ‘ವಿಚಾರಣೆಗೆ ಕರೆದೊಯ್ದಿದ್ದಾರೆ’, ‘ವಶಕ್ಕೆ ಪಡೆದಿದ್ದಾರೆ’, ‘ಬಂಧಿಸಿದ್ದಾರೆ’ ಎಂಬ ಮೂರನ್ನೂ ಪತ್ರಿಕೆಗಳು ಒಂದೇ ಸುದ್ದಿಯೊಳಗೆ ಬಳಸುತ್ತವೆ. ನನ್ನ ಸಿಟ್ಟು ಹೆಚ್ಚು ಇರುವುದು ನಡುವಿನದ್ದರ ಮೇಲೆ. ಬಂಧಿಸಿಲ್ಲ, ಬರೇ ವಶದಲ್ಲಿದ್ದಾರೆ ಎನ್ನುವ ಮಾತು ಮನೆಯವರನ್ನು ಸಮಾಧಾನಪಡಿಸಲು ಹುಟ್ಟಿದ್ದಲ್ಲ, ಗಡಿಯಾರವನ್ನು ನಿಲ್ಲಿಸಲು ಹುಟ್ಟಿದ್ದು. ಸಂವಿಧಾನದ 22ನೇ ವಿಧಿ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ. ಪ್ರಯಾಣದ ಹೊತ್ತನ್ನಷ್ಟೇ ಕಳೆಯಬಹುದು. ಆಗುಂಬೆಯಲ್ಲಿ ಹಿಡಿದವನನ್ನು ತೀರ್ಥಹಳ್ಳಿಗೆ ತರಲು ಎಂಥ ಮಳೆಗಾಲದಲ್ಲೂ ಒಂದೂವರೆ ದಿನ ಬೇಕಾಗುವುದಿಲ್ಲ. ಆ 24 ಗಂಟೆ ಶುರುವಾಗುವುದು ರಿಜಿಸ್ಟರಿನಲ್ಲಿ ‘ದಸ್ತಗಿರಿ’ ಎಂದು ಬರೆದ ಗಳಿಗೆಯಿಂದಲ್ಲ, ಎದ್ದು ಹೋಗುವ ಸ್ವಾತಂತ್ರ್ಯ ತಪ್ಪಿದ ಗಳಿಗೆಯಿಂದ. 1980ರ ನಿರಂಜನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇಂಥ ಮಾತಿನ ಕಸರತ್ತುಗಳನ್ನು ಖಾರವಾಗಿಯೇ ತಳ್ಳಿಹಾಕಿದ್ದರು. 1996ರ ಡಿಸೆಂಬರಿನ ಡಿ.ಕೆ. ಬಸು ತೀರ್ಪು ಬಂಧನದ ಮೆಮೊ ಬರೆಯಬೇಕು, ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು ಎಂದು ವಿಧಿಸಿತು.

ಮ್ಯಾಜಿಸ್ಟ್ರೇಟರು ಎರಡು ಕಡೆಗೆ ಕಳಿಸಬಹುದು. ತನಿಖೆಗೆ ಆರೋಪಿ ಬೇಕೇ ಬೇಕು ಎಂದು ಮನವರಿಕೆಯಾದರೆ ಪೊಲೀಸ್ ಕಸ್ಟಡಿ. ಅದು ಒಟ್ಟು 15 ದಿನ ಮೀರುವಂತಿಲ್ಲ. ಇಲ್ಲದಿದ್ದರೆ ನ್ಯಾಯಾಂಗ ಬಂಧನ, ಅಂದರೆ ನಮ್ಮ ಕಡೆಯವರಿಗೆ ಬಹುಮಟ್ಟಿಗೆ ಶಿವಮೊಗ್ಗ ಹೊರವಲಯದ ಸೋಗಾನೆ ಜೈಲು. ಅಲ್ಲಿ ಇವರು ನ್ಯಾಯಾಲಯದ ಸುಪರ್ದಿನಲ್ಲಿ ಇರುವವರು; ಜೈಲು ಅಧಿಕಾರಿಗಳ ಕೈಗೆ ಇರಿಸಿಕೊಳ್ಳಲು ಕೊಟ್ಟಿರುತ್ತಾರೆ, ದಂಡಿಸಲು ಅಲ್ಲ. ಒಂದು ಸಲಕ್ಕೆ 15 ದಿನ ಮೀರದಂತೆ ಕಳಿಸುವುದರಿಂದ ‘14 ದಿನ’ ಎಂಬ ಸಂಖ್ಯೆ ಸುದ್ದಿಯಲ್ಲಿ ಬರುತ್ತದೆ. ಹದಿನೈದನೇ ದಿನ ಬಿಡುಗಡೆ ಎಂದಲ್ಲ, ಮತ್ತೆ ಕೇಳಿ ಮತ್ತೆ ಮುಂದುವರಿಸಬಹುದು. ಅಪರಾಧದ ತೂಕ ನೋಡಿ 60 ಅಥವಾ 90 ದಿನದಲ್ಲಿ ಆರೋಪಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಜೈಲಿನಲ್ಲಿರುವ ನಾಲ್ವರಲ್ಲಿ ಮೂವರಿಗೆ ಶಿಕ್ಷೆಯೇ ಆಗಿಲ್ಲ ಎಂದ ಮೇಲೆ ‘ಜೈಲಿಗೆ ಹೋದವನು’ ಎಂಬ ನಮ್ಮ ಊರಿನ ಬಿರುದಿಗೆ ಏನು ಅರ್ಥ? ಹೆಣ್ಣು ಕೊಡುವಾಗ, ಸೊಸೈಟಿ ಚುನಾವಣೆಗೆ ನಿಂತಾಗ ಆ ಬಿರುದು ಎದ್ದು ಬರುತ್ತಲೇ ಇರುತ್ತದೆ.

ಶಿಕ್ಷೆಯಾದ ಮೇಲಷ್ಟೇ ‘ಸಜೆ’. ಸಾದಾ ಮತ್ತು ಕಠಿಣ ಎಂದು ಅದರಲ್ಲಿ ಎರಡು. ಕಠಿಣ ಎಂದರೆ ಕತ್ತಲೆ ಕೋಣೆಯಲ್ಲ, ಕಡ್ಡಾಯ ದುಡಿಮೆ. ಆ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ. ಒಂಟಿ ಕೋಣೆಯ ಶಿಕ್ಷೆ ಬೇರೆಯೇ ಇದೆ, ಒಟ್ಟು ಮೂರು ತಿಂಗಳಿಗೆ ಮೀರುವಂತಿಲ್ಲ. ‘ಜೀವಾವಧಿ ಅಂದರೆ ಹದಿನಾಲ್ಕು ವರ್ಷ, ಹಗಲು ಒಂದು ದಿನ ರಾತ್ರಿ ಒಂದು ದಿನ ಲೆಕ್ಕ ಹಾಕಿದರೆ ಏಳೇ ವರ್ಷ’ ಎಂಬ ಗಣಿತವನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಇದಕ್ಕೆ ಯಾವ ಆಧಾರವೂ ಇಲ್ಲ. ಜೀವಾವಧಿ ಎಂದರೆ ಜೀವ ಇರುವ ತನಕ, 1961ರ ಗೋಪಾಲ ಗೋಡ್ಸೆ ತೀರ್ಪಿನಿಂದ ಇದು ಸ್ಪಷ್ಟವಿದೆ. ಹದಿನಾಲ್ಕು ಎನ್ನುವುದು ಗಂಭೀರ ಅಪರಾಧಗಳಲ್ಲಿ ಸರ್ಕಾರ ಕ್ಷಮೆ ತೋರಿ ಬಿಡುವ ಮುನ್ನ ಕಳೆಯಲೇಬೇಕಾದ ಕನಿಷ್ಠ ಅವಧಿ. ಬೆಂಗಳೂರಿನ ಶಾಕಿರಾ ಕೊಲೆ ಪ್ರಕರಣದ ಸ್ವಾಮಿ ಶ್ರದ್ಧಾನಂದನಿಗೆ 2008ರಲ್ಲಿ ಸುಪ್ರೀಂ ಕೋರ್ಟ್ ಆ ರಿಯಾಯಿತಿಯೂ ಇಲ್ಲ, ಸಾಯುವ ತನಕ ಎಂದೇ ಬರೆಯಿತು.

ಸಾಲಕ್ಕೂ ಜೈಲು ಇದೆ. ಡಿಕ್ರಿಯ ಹಣ 5,000 ರೂಪಾಯಿ ಮೀರಿದ್ದು, ಕೊಡಲು ಶಕ್ತಿಯಿದ್ದೂ ಕೊಡದವನನ್ನು ಮೂರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇರಿಸಬಹುದು. ಇದು ಶಿಕ್ಷೆಯಲ್ಲ, ಒತ್ತಾಯ. ಅವನ ಊಟದ ಭತ್ಯೆಯನ್ನು ಸಾಲ ಕೊಟ್ಟವನೇ ಕಟ್ಟಬೇಕು. ಜೈಲಿನಿಂದ ಬಂದ ಮೇಲೂ ಸಾಲ ಹಾಗೇ ಇರುತ್ತದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಹೀಗೆ ಇರಿಸುವಂತಿಲ್ಲ. ಪ್ರಾಮಾಣಿಕ ಬಡವನನ್ನೂ ಇರಿಸಬಾರದು ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ತೀರ್ಮಾನವಾಯಿತು.

ಸಾಲದ ಇನ್ನೊಂದು ಸೆರೆಗೆ ಕೋರ್ಟು, ಡಿಕ್ರಿ, ಭತ್ಯೆ ಏನೂ ಬೇಕಿರಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನಾಯಿಗುತ್ತಿ ಗೊತ್ತು. ತೀರ್ಥಹಳ್ಳಿ ಸುತ್ತಿನ ಕಾಡು ಗುಡ್ಡಗಳನ್ನೆಲ್ಲ ನಾಯಿ ಹುಲಿಯನ ಜೊತೆ ಅವನಷ್ಟು ಧಾರಾಳವಾಗಿ ಸುತ್ತಿದವರು ಆ ಕಾದಂಬರಿಯಲ್ಲಿ ಇನ್ನೊಬ್ಬರಿಲ್ಲ. ಹಾಗಿದ್ದೂ ಅವನು ಸಿಂಬಾವಿ ಹೆಗ್ಗಡೆಯ ಜೀತದಾಳು. ಮದುವೆಯಾಗಬೇಕೆಂದ ಹುಡುಗಿ ಇನ್ನೊಬ್ಬ ಒಡೆಯನ ಕೇರಿಯವಳು ಎಂಬುದೇ ಅಲ್ಲಿ ದೊಡ್ಡ ತೊಡಕು. ಕೂಡಿಹಾಕದೆಯೂ ಕಟ್ಟಿಹಾಕಬಹುದು ಎನ್ನುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ಗುರುತಿಸಿತು. ದೇಶದೊಳಗೆ ಬೇಕಾದಲ್ಲಿಗೆ ಹೋಗುವ, ಬೇಕಾದ ಕೆಲಸ ಹಿಡಿಯುವ ಹಕ್ಕನ್ನು ಸಾಲದ ನೆಪದಲ್ಲಿ ಕಳೆದುಕೊಂಡವನೂ ಅದರ ಪ್ರಕಾರ ಜೀತದಾಳೇ.

ಯಾವ ಕಾನೂನೂ ಇಲ್ಲದ ಸೆರೆಯೂ ಇಲ್ಲಿಗೆ ಗೊತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳು ಕೆಳದಿ ಅರಸರ ನೆಲ. ಕೆಳದಿ, ಇಕ್ಕೇರಿ ಸಾಗರದಲ್ಲಿ, ಬಿದನೂರು ಎಂಬ ನಗರ ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ರಾಣಿ ವೀರಮ್ಮಾಜಿಯನ್ನು ಮಧುಗಿರಿ ಕೋಟೆಯಲ್ಲಿ ಇರಿಸಿದ. ಅವಳ ಮೇಲೆ ಆರೋಪವಿರಲಿಲ್ಲ, ತೀರ್ಪಿರಲಿಲ್ಲ, ಅವಧಿಯಿರಲಿಲ್ಲ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಹೈದರನ ಗೆಲುವಿನ ಇಪ್ಪತ್ತು ವರ್ಷದ ಮೇಲೆ, 1783ರಲ್ಲಿ, ಅದೇ ಬಿದನೂರು ಹಿಡಿದಿದ್ದ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಟಿಪ್ಪುವಿಗೆ ಷರತ್ತಿನ ಮೇಲೆ ಶರಣಾದ. ಬೊಕ್ಕಸ ಲೂಟಿಯಾಗಿದೆ, ಷರತ್ತು ಮುರಿದಿದೆ ಎಂದು ಟಿಪ್ಪು ಎಲ್ಲರನ್ನೂ ಸೆರೆಯಲ್ಲಿಟ್ಟ. ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಸತ್ತ. ಇಂದಾದರೆ ಅವರಿಗೆ ‘ಯುದ್ಧಕೈದಿ’ ಎಂಬ ಹೆಸರೂ 1949ರ ಜಿನೀವಾ ಒಪ್ಪಂದದ ರಕ್ಷಣೆಯೂ ಇರುತ್ತಿತ್ತು. ಆಗ ಇದ್ದದ್ದು ಗೆದ್ದವನ ಮರ್ಜಿ. ಹಳೆಯ ‘ಸೆರೆ’ ಎಂಬ ಪದಕ್ಕೆ ಈ ಮರ್ಜಿಯ ವಾಸನೆ ಇನ್ನೂ ಹೋಗಿಲ್ಲ ಎಂದು ನನ್ನ ಅನಿಸಿಕೆ. ‘ಸಜೆ’ಗೆ ಕೊನೆಯ ದಿನ ಇರುತ್ತದೆ, ಸೆರೆಗೆ ಇರಬೇಕೆಂದಿಲ್ಲ.

ಕಾಗೋಡಿಗೆ ಬಂದರೆ ಕ್ರಿಯಾಪದವೇ ತಿರುಗಿ ನಿಲ್ಲುತ್ತದೆ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು, ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಒಡೆಯರ ಜೊತೆ ಜಗಳಕ್ಕೆ ನಿಂತರು. ಎಚ್. ಗಣಪತಿಯಪ್ಪ ಮುಂದಾಳು, ಬೆನ್ನಿಗೆ ಸಮಾಜವಾದಿ ಪಕ್ಷ. ಒಕ್ಕಲೆಬ್ಬಿಸಿದ ಗದ್ದೆಗೆ ನೇಗಿಲು ಹೊತ್ತು ಇಳಿಯುವುದೇ ಸತ್ಯಾಗ್ರಹ, ಇಳಿದವರನ್ನು ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಸಾಗರದಲ್ಲಿ ಬಂಧಿಸಿದರು. ಈ ಸೀಮೆಯ ಹಳಬರು ಅವರ್ಯಾರನ್ನೂ ‘ಜೈಲಿಗೆ ಹಾಕಿದರು’ ಎಂದು ಹೇಳುವುದಿಲ್ಲ, ‘ಜೈಲಿಗೆ ಹೋದರು’ ಎನ್ನುತ್ತಾರೆ. ಕಳ್ಳನಿಗೂ ಇದೇ ಕ್ರಿಯಾಪದ ಬಳಸುತ್ತೇವಲ್ಲ ಎಂದರೆ, ಬಳಸುತ್ತೇವೆ, ದನಿ ಬೇರೆ. ಕರ್ತೃ ಯಾರು ಎಂಬುದರ ಮೇಲೆ ಸೆರೆಯ ಮಾನ ನಿಂತಿದೆ. ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು 1942ರ ಚಳವಳಿಯಲ್ಲಿ ಜೈಲು ಕಂಡಿದ್ದವರು, ಕಾಗೋಡಿನಲ್ಲೂ ಮುಂಚೂಣಿಯಲ್ಲಿದ್ದವರು. 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಅವರನ್ನೇ ವಿಧಾನಸಭೆಗೆ ಕಳಿಸಿತು. ಜೈಲಿನ ಕಳಂಕ ಅಲ್ಲಿ ಅರ್ಹತೆಯಾಗಿತ್ತು.

ಎಲ್ಲಕ್ಕಿಂತ ಅಪಾಯದ ಪದ ಅತ್ಯಂತ ಸೌಮ್ಯವಾಗಿ ಕೇಳುತ್ತದೆ: ಮುನ್ನೆಚ್ಚರಿಕೆಯ ಬಂಧನ. ಮಾಡಿದ್ದಕ್ಕಲ್ಲ, ಮಾಡಬಹುದು ಎಂಬುದಕ್ಕೆ. 22ನೇ ವಿಧಿ ಮೊದಲ ಅರ್ಧದಲ್ಲಿ ಕೊಟ್ಟ 24 ಗಂಟೆಯ ಭರವಸೆಯನ್ನು ಎರಡನೇ ಅರ್ಧದಲ್ಲಿ ಇಂಥವರಿಗೆ ಇಲ್ಲವೆನ್ನುತ್ತದೆ. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಮೂರು ತಿಂಗಳು ಇರಿಸಬಹುದು. ರಾಜ್ಯದ 1985ರ ಗೂಂಡಾ ಕಾಯ್ದೆಯಲ್ಲಿ ಮಂಡಳಿ ಒಪ್ಪಿದರೆ ವರ್ಷದವರೆಗೆ. (ಇದರ ತಿರುವುಮುರುವು ‘ಗಡಿಪಾರು’, ಒಳಗಿಡುವ ಬದಲು ಜಿಲ್ಲೆಯಿಂದಲೇ ಹೊರಗಿಡುವುದು. ಚುನಾವಣೆ ಬಂತೆಂದರೆ ಆ ಪದಕ್ಕೂ ಸುಗ್ಗಿ.) ತೀರ್ಥಹಳ್ಳಿಯ ಮೇಳಿಗೆಯ ಯು.ಆರ್. ಅನಂತಮೂರ್ತಿ ಬರೆದ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿದರು. ಸರ್ಕಾರದ ವಿರುದ್ಧ ಸ್ಫೋಟದ ಸಂಚು ಎನ್ನಲಾದ ಬರೋಡಾ ಡೈನಮೈಟ್ ಪ್ರಕರಣದ ನಂಟಿದೆ ಎಂಬ ಶಂಕೆ. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಎಂಬ ಮುನ್ನೆಚ್ಚರಿಕೆ ಬಂಧನದ ಕಾಯ್ದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಇಟ್ಟರು, ಆಸ್ತಮಾ ಉಲ್ಬಣಿಸಿತು. 1977ರ ಜನವರಿ 15ರಂದು ಅವರು ಹೊರಬಂದದ್ದೂ ‘ಬಿಡುಗಡೆ’ಯಾಗಿ ಅಲ್ಲ, ಪೆರೋಲ್ ಮೇಲೆ, ಅಂದರೆ ತಾತ್ಕಾಲಿಕವಾಗಿ. ಜನವರಿ 20ಕ್ಕೆ ತೀರಿಕೊಂಡರು. ಅದಕ್ಕೂ ಮುಂಚೆ, 1976ರ ಏಪ್ರಿಲ್ 28ರಂದು, ಇಂಥ ಬಂಧನವನ್ನು ಪ್ರಶ್ನಿಸಲು ಹೈಕೋರ್ಟಿಗೆ ಹೋಗುವ ಹಕ್ಕು ಯಾರಿಗೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಜಬಲ್ಪುರ ಪ್ರಕರಣದಲ್ಲಿ ಹೇಳಿಯಾಗಿತ್ತು. ಹಕ್ಕಿದೆ ಎಂದಿದ್ದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು.

ಈಚೆಗೆ ಪದಗಳ ಈ ಲೆಕ್ಕಾಚಾರ ಠಾಣೆಯ ಮೇಜಿಗೇ ಬಂದಿದೆ. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕು ಎಂದು 2023ರಿಂದ ಒಂದಾದ ಮೇಲೊಂದು ತೀರ್ಪಿನಲ್ಲಿ ಹೇಳುತ್ತ ಬಂದ ಸುಪ್ರೀಂ ಕೋರ್ಟ್, 2025ರ ನವೆಂಬರಿನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ ಆ ಬರಹ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಯಾವ ಅಪರಾಧವಾದರೂ ಸರಿ ಎಂದಿತು. ತಕ್ಷಣ ಬರೆದುಕೊಡಲು ಆಗದ ಸಂದರ್ಭದಲ್ಲಿ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕಾಗದ ಕೈಗೆ ಸೇರಿರಬೇಕು. ಇಲ್ಲದಿದ್ದರೆ ಬಂಧನವೇ ಅಕ್ರಮ. ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಆ ಕಾಗದವನ್ನು ಈಗ ಕನ್ನಡದಲ್ಲಿ ಬರೆಯುವ ರೈಟರು ‘ವಶಕ್ಕೆ ಪಡೆಯಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ದಸ್ತಗಿರಿ ಮಾಡಿದ್ದೇವೆ, ಇಷ್ಟು ಗಂಟೆಗೆ, ಇಂಥ ಕಲಮಿನಡಿ, ನೀನು ಇಂಥದ್ದು ಮಾಡಿದ್ದೀಯ ಎಂಬ ಆರೋಪದ ಮೇಲೆ ಎಂದು ಸಾಲು ಸಾಲಾಗಿ ಬರೆಯಬೇಕು, ಓದಿ ಹೇಳಬೇಕು, ಸಹಿ ಹಾಕಿಸಿಕೊಳ್ಳಬೇಕು.